ಚಾಳಿಯಲ್ಲ, ಪಾಪವೂ ಅಲ್ಲ: ಡಾ. ಸ್ಯಾಮ್ಯುಯೆಲ್ ಜಾನ್ಸನ್ ಬಾಳಿನಿಂದೊಂದು ಪಾಠ



ಭಾನುವಾರದ ಬಲಿಪೂಜೆಯಲ್ಲಿ ನಿಮ್ಮ ಮುಂದಿನ ಬೆಂಚಿನಲ್ಲಿ ಕುಳಿತ ನಡುವಯಸ್ಸಿನವರೊಬ್ಬರು ಪದೇ ಪದೇ ಕತ್ತು ಕೊಂಕಿಸುತ್ತಾರೆ, ಭುಜ ಕುಣಿಸುತ್ತಾರೆ, ಎಲ್ಲರೂ ಮೌನವಾಗಿರುವ ಹೊತ್ತಿನಲ್ಲೇ ಗಂಟಲಿನಿಂದ ಸದ್ದು ಹೊರಡಿಸುತ್ತಾರೆ ಎಂದಿಟ್ಟುಕೊಳ್ಳಿ. ನಿಮಗೆ ಮೊದಲು ಏನನಿಸುತ್ತದೆ? ಇದೆಂಥ ಕೆಟ್ಟ ಚಾಳಿ ಎನಿಸಬಹುದು. ಭಕ್ತಿಯಿಲ್ಲದವರು ಎನಿಸಬಹುದು. ತಲೆ ಸರಿಯಿಲ್ಲವೇನೋ, ಏನೋ ಸೋಂಕಿದೆಯೇನೋ ಎಂದೂ ಅನಿಸಬಹುದು. ಇಷ್ಟನ್ನೆಲ್ಲ ನಾವು ಒಂದೇ ಗಳಿಗೆಯಲ್ಲಿ ತೀರ್ಪು ಕೊಟ್ಟುಬಿಡುತ್ತೇವೆ. ಆ ವ್ಯಕ್ತಿ ಮಾತ್ರ ಆ ತೀರ್ಪನ್ನು ಜೀವನವಿಡೀ ಹೊರಬೇಕಾಗುತ್ತದೆ.

ಇಂಥ ತೀರ್ಪನ್ನು ಎಪ್ಪತ್ತೈದು ವರ್ಷಗಳ ಬಾಳಿನುದ್ದಕ್ಕೂ ಹೊತ್ತ ಒಬ್ಬ ದೊಡ್ಡ ಮನುಷ್ಯನ ಕಥೆಯನ್ನು ಇಂದು ನಿಮಗೆ ಹೇಳಬೇಕೆಂದಿದ್ದೇನೆ. ಇಂಗ್ಲಿಷ್ ಭಾಷೆಯ ಮಹಾನ್ ನಿಘಂಟುಕಾರ ಡಾ. ಸ್ಯಾಮ್ಯುಯೆಲ್ ಜಾನ್ಸನ್ ಅವರ ಹೆಸರನ್ನು ಕಾಲೇಜಿನಲ್ಲಿ ಇಂಗ್ಲಿಷ್ ಓದಿದವರೆಲ್ಲ ಕೇಳಿರುತ್ತೀರಿ. ಅವರು ನಮ್ಮ ಕಥೋಲಿಕ ಧರ್ಮಸಭೆಯವರಲ್ಲ, ಆಂಗ್ಲಿಕನ್ ಸಭೆಯವರು. ಆದರೂ ಅವರ ದೈವಭಯ, ಉಪವಾಸ, ಪ್ರಾರ್ಥನೆ, ಬಡವರ ಮೇಲಿನ ಪ್ರೀತಿ ಇವುಗಳನ್ನು ನೋಡಿದರೆ ನಾವು ಕಲಿಯಬೇಕಾದ್ದು ಬಹಳವಿದೆ.

ಎಳೆತನದ ಗಾಯಗಳು

ಜಾನ್ಸನ್ 1709ರ ಸೆಪ್ಟೆಂಬರ್ 18ರಂದು ಇಂಗ್ಲೆಂಡಿನ ಲಿಚ್‌ಫೀಲ್ಡ್ ಎಂಬ ಊರಿನಲ್ಲಿ ಹುಟ್ಟಿದರು. ತಂದೆ ಮೈಕೆಲ್ ಜಾನ್ಸನ್ ಪುಸ್ತಕ ವ್ಯಾಪಾರಿ. ಹುಟ್ಟಿದ ಮಗು ಬದುಕುವುದೇ ಅನುಮಾನವೆನ್ನುವಷ್ಟು ಬಡಕಲಾಗಿತ್ತು. ಎಳೆತನದಲ್ಲೇ ಅದಕ್ಕೆ ಗಂಡಮಾಲೆ ರೋಗ ತಗಲಿತು. ಕತ್ತಿನ ಗಂಟುಗಳು ಊದಿ ಒಡೆದು ಕಲೆಗಳು ಉಳಿದವು. ಒಂದು ಕಣ್ಣಿನ ದೃಷ್ಟಿ ಹೆಚ್ಚುಕಡಿಮೆ ಹೋಗಿಯೇಬಿಟ್ಟಿತು.

ರಾಜ ಅಥವಾ ರಾಣಿ ಕೈಯಿಟ್ಟು ಮುಟ್ಟಿದರೆ ಗಂಡಮಾಲೆ ವಾಸಿಯಾಗುತ್ತದೆ ಎಂಬ ನಂಬಿಕೆ ಆಗ ಇಂಗ್ಲೆಂಡಿನಲ್ಲಿತ್ತು. 1712ರಲ್ಲಿ, ಎರಡೂವರೆ ವರ್ಷದ ಮಗುವನ್ನು ತಾಯಿ ಲಂಡನ್ನಿಗೆ ಕರೆದೊಯ್ದು ರಾಣಿ ಆ್ಯನ್ ಅವರಿಂದ ಮುಟ್ಟಿಸಿಕೊಂಡು ಬಂದರು. ರೋಗ ವಾಸಿಯಾಗಲಿಲ್ಲ. ರಾಣಿ ಕೊಟ್ಟ ಪದಕವನ್ನು ಮಾತ್ರ ಜಾನ್ಸನ್ ಸಾಯುವವರೆಗೂ ಕೊರಳಲ್ಲಿ ಧರಿಸಿಕೊಂಡಿದ್ದರು. ಮಗನಿಗೆ ಗುಣವಾಗಲೆಂದು ಹರಕೆ ಹೊತ್ತು ಕ್ಷೇತ್ರದಿಂದ ಕ್ಷೇತ್ರಕ್ಕೆ ಅಲೆಯುವ ನಮ್ಮ ತಾಯಂದಿರನ್ನು ಬಲ್ಲವರಿಗೆ ಆ ತಾಯಿಯ ಮನಸ್ಸು ಅರ್ಥವಾದೀತು.

ಬುದ್ಧಿಯಲ್ಲಿ ಹುಡುಗ ಚುರುಕು. 1728ರಲ್ಲಿ ಆಕ್ಸ್‌ಫರ್ಡಿನ ಪೆಂಬ್ರೋಕ್ ಕಾಲೇಜು ಸೇರಿದರು. ಕೈಯಲ್ಲಿ ಹಣವಿಲ್ಲದೆ ಹದಿಮೂರು ತಿಂಗಳಲ್ಲೇ ಪದವಿಯಿಲ್ಲದೆ ಹಿಂದಿರುಗಿದರು. ಆ ಮೇಲೆ ಭಯಂಕರವಾದ ಖಿನ್ನತೆ ಅವರನ್ನು ಕವಿಯಿತು. ತನಗೆ ಹುಚ್ಚು ಹಿಡಿಯುತ್ತದೆಯೋ ಎಂಬ ಭಯ ಆಗಿನಿಂದ ಕೊನೆಯವರೆಗೂ ಅವರನ್ನು ಬಿಡಲಿಲ್ಲ.

ಇದರ ಜೊತೆಗೇ ಇನ್ನೊಂದು ತೊಂದರೆಯಿತ್ತು. ಇಪ್ಪತ್ತೈದು ವರ್ಷ ತಲುಪುವ ಹೊತ್ತಿಗೆ ಅದು ನೋಡಿದವರೆಲ್ಲರ ಕಣ್ಣಿಗೆ ಬೀಳುತ್ತಿತ್ತು. ಅವರ ಮುಖ ತಾನೇ ತಾನಾಗಿ ಸೊಟ್ಟಗಾಗುತ್ತಿತ್ತು, ಮೈ ಇದ್ದಕ್ಕಿದ್ದಂತೆ ಬೆಚ್ಚುತ್ತಿತ್ತು, ಕೈಕಾಲುಗಳು ವಿಚಿತ್ರವಾಗಿ ಆಡುತ್ತಿದ್ದವು.

ಬಾಗಿಲು ಮುಚ್ಚಿದವರು, ಬಾಗಿಲು ತೆರೆದವರು

1735ರಲ್ಲಿ ಸಾಲಿಹಲ್ ಎಂಬ ಊರಿನ ಶಾಲೆಗೆ ಮುಖ್ಯೋಪಾಧ್ಯಾಯರು ಬೇಕಾಗಿದ್ದರು. ಜಾನ್ಸನ್ ಅರ್ಜಿ ಹಾಕಿದರು. ಅವರ ವಿದ್ವತ್ತನ್ನು ಆಡಳಿತ ಮಂಡಳಿಯವರು ಒಪ್ಪಿಕೊಂಡರು. ಆದರೆ ಸ್ವಭಾವ ಗರ್ವದ್ದೆಂದು ಕೇಳಿದ್ದೇವೆ, ಮುಖವನ್ನೂ ವಿಕಾರ ಮಾಡುತ್ತಾರೆ, ಇದು ಹುಡುಗರ ಮೇಲೆ ಪರಿಣಾಮ ಬೀರಬಹುದು ಎಂದು ಕೆಲಸ ನಿರಾಕರಿಸಿದರು. ಓದುಗರೇ, ಒಂದು ವಿಷಯ ಗಮನಿಸಿ. ಆ ಮುಖವಿಕಾರ ಅವರ ಕೈಯಲ್ಲಿಲ್ಲದ್ದು ಎಂಬುದನ್ನು ಅದೇ ಪತ್ರದಲ್ಲಿ ಆ ಮಂಡಳಿಯವರೇ ಬರೆದಿದ್ದರು. ಗೊತ್ತಿದ್ದೂ ಬಾಗಿಲು ಮುಚ್ಚಿದರು. ಮರುವರ್ಷ ಬ್ರೂವುಡ್ ಎಂಬಲ್ಲಿ ಸಹಾಯಕ ಉಪಾಧ್ಯಾಯರ ಕೆಲಸವೂ ಇದೇ ಕಾರಣಕ್ಕೆ ತಪ್ಪಿತು. ಅಲ್ಲಿಯವರು ಅದನ್ನು ಒಂದು ಬಗೆಯ ಲಕ್ವವೆಂದು ತಿಳಿದರು. ಮಕ್ಕಳು ಅಣಕಿಸಿಯಾರು ಎಂದು ಹೆದರಿದರು.

ಅದೇ 1735ರಲ್ಲಿ ಒಬ್ಬರು ಬಾಗಿಲು ತೆರೆದರು. ಎಲಿಜಬೆತ್ ಪೋರ್ಟರ್ ಎಂಬ ವಿಧವೆ, ವಯಸ್ಸು ನಲವತ್ತಾರು. ಜಾನ್ಸನ್‌ಗೆ ಇಪ್ಪತ್ತೈದು. ಕಲೆಗಟ್ಟಿದ ಮುಖ, ಬೆಚ್ಚಿಬೀಳುವ ಮೈ ಎಲ್ಲವನ್ನೂ ಆಕೆ ಕಂಡಿದ್ದರು. ಆದರೂ ಮೊದಲ ಭೇಟಿಯ ನಂತರ ಮಗಳೊಡನೆ ಆಕೆ ಹೇಳಿದ್ದು, ಇಷ್ಟು ವಿವೇಕವುಳ್ಳ ಮನುಷ್ಯನನ್ನು ತಾನು ಜೀವನದಲ್ಲಿ ನೋಡಿಲ್ಲವೆಂದು. ಇಬ್ಬರೂ ಮದುವೆಯಾದರು. ಆಕೆಯ ಹಣದಲ್ಲಿ ಜಾನ್ಸನ್ ತಾವೇ ಒಂದು ಶಾಲೆ ತೆರೆದರು. ಬೆರಳೆಣಿಕೆಯ ಹುಡುಗರು ಬಂದರು, ಅವರೂ ಗುರುವಿನ ಚೇಷ್ಟೆಗಳನ್ನು ನೋಡಿ ನಗುತ್ತಿದ್ದರು. ಶಾಲೆ ಮುಚ್ಚಿತು. 1737ರಲ್ಲಿ ತಮ್ಮ ಶಿಷ್ಯ ಡೇವಿಡ್ ಗ್ಯಾರಿಕ್ ಜೊತೆ ಜಾನ್ಸನ್ ಲಂಡನ್ನಿನ ದಾರಿ ಹಿಡಿದರು. ಮುಂದೆ ಗ್ಯಾರಿಕ್ ಇಂಗ್ಲೆಂಡಿನ ಅತ್ಯಂತ ಹೆಸರುವಾಸಿ ನಟರಾದರು.

ಲಂಡನ್ನಿನಲ್ಲಿ ಪತ್ರಿಕೆಗಳಿಗೆ ಬರೆದು ಹೊಟ್ಟೆ ಹೊರೆದರು. 1746ರಲ್ಲಿ ಇಂಗ್ಲಿಷ್ ನಿಘಂಟು ರಚಿಸುವ ಒಪ್ಪಂದಕ್ಕೆ ಸಹಿ ಹಾಕಿ, ಮನೆಯ ಅಟ್ಟದಲ್ಲಿ ಆರು ಮಂದಿ ಬರಹಗಾರರನ್ನು ಕೂರಿಸಿಕೊಂಡು ದುಡಿದರು. ಕೆಲಸದ ನಡುವೆಯೇ, 1752ರಲ್ಲಿ, ಪತ್ನಿ ತೀರಿಕೊಂಡರು. 1755ರ ಏಪ್ರಿಲ್ 15ರಂದು 42,000ಕ್ಕೂ ಹೆಚ್ಚು ಪದಗಳ ನಿಘಂಟು ಎರಡು ದೊಡ್ಡ ಸಂಪುಟಗಳಲ್ಲಿ ಹೊರಬಂತು. ಶಾಲೆಯೊಂದು ಬೇಡವೆಂದ ಮನುಷ್ಯ ಇಡೀ ಇಂಗ್ಲಿಷ್ ನಾಡಿಗೆ ಉಪಾಧ್ಯಾಯರಾದರು.

ಅದಕ್ಕೆ ಸ್ವಲ್ಪ ಮುಂಚೆ ನಡೆದ ಘಟನೆಯೊಂದಿದೆ. ಪ್ರಸಿದ್ಧ ಚಿತ್ರಕಾರ ಹೋಗಾರ್ತ್ ಒಮ್ಮೆ ಕಾದಂಬರಿಕಾರ ರಿಚರ್ಡ್‌ಸನ್ ಅವರ ಮನೆಗೆ ಹೋಗಿದ್ದರು. ಕಿಟಕಿಯ ಬಳಿ ಒಬ್ಬ ಭಾರೀ ಮನುಷ್ಯ ನಿಂತು ತಲೆ ಅಲುಗಿಸುತ್ತ, ಮೈ ಹೊರಳಿಸುತ್ತ ಇದ್ದ. ಯಾರೋ ಬುದ್ಧಿಮಾಂದ್ಯ, ಬಂಧುಗಳು ಇಲ್ಲಿ ತಂದು ಬಿಟ್ಟಿರಬೇಕು ಎಂದು ಹೋಗಾರ್ತ್ ಭಾವಿಸಿದರು. ಅಷ್ಟರಲ್ಲಿ ಆ ಮನುಷ್ಯ ಹತ್ತಿರ ಬಂದು, ಆಗಷ್ಟೇ ನಡೆದಿದ್ದ ಒಂದು ಮರಣದಂಡನೆಯ ವಿಷಯ ಎತ್ತಿಕೊಂಡು, ಅರಸನ ನಿರ್ದಯೆಯನ್ನು ಖಂಡಿಸಿ ನಿರರ್ಗಳವಾಗಿ ಮಾತಾಡತೊಡಗಿದ. ಹೋಗಾರ್ತ್ ಬೆರಗಾಗಿ ನಿಂತರು. ಆ ಮನುಷ್ಯ ಜಾನ್ಸನ್.

ಒಂದೇ ಮೈ, ಹಲವು ಹೆಸರು

ಹಾಗಾದರೆ ಅವರ ಮೈಗೆ ಏನಾಗುತ್ತಿತ್ತು? ನೋಡಿದವರು ಬರೆದಿಟ್ಟ ವಿವರಗಳು ಬೇಕಾದಷ್ಟಿವೆ. ತಲೆಯನ್ನು ಒಂದು ಭುಜದ ಕಡೆಗೆ ವಾಲಿಸಿ ಅಲ್ಲಾಡಿಸುವರು. ಕುಳಿತಲ್ಲೇ ಮೈಯನ್ನು ಹಿಂದಕ್ಕೂ ಮುಂದಕ್ಕೂ ತೂಗುವರು. ಅಂಗೈಯಿಂದ ಎಡಮಂಡಿಯನ್ನು ಉಜ್ಜುತ್ತಲೇ ಇರುವರು. ಮಾತಿನ ನಡುನಡುವೆ ಹಸು ಮೆಲುಕು ಹಾಕುವಂತೆ ಬಾಯಾಡಿಸುವರು, ಕೋಳಿ ಲೊಚಗುಟ್ಟುವಂತೆ ನಾಲಿಗೆಯಿಂದ ಸದ್ದು ಮಾಡುವರು, ವಾದ ಮುಗಿಸಿದ ಮೇಲೆ ತಿಮಿಂಗಿಲದಂತೆ ಜೋರಾಗಿ ಉಸಿರು ಬಿಡುವರು. 1777ರಲ್ಲಿ ಅವರನ್ನು ಮೊದಲ ಬಾರಿ ನೋಡಿದ ಲೇಖಕಿ ಫ್ಯಾನಿ ಬರ್ನಿ, ಅವರ ಬಾಯಿ, ಬೆರಳು, ಕೈ, ಪಾದ ಯಾವುದೂ ಸುಮ್ಮನಿರುವುದಿಲ್ಲವೆಂದು ಬರೆದರು.

ಇದಕ್ಕೆ ಒಬ್ಬೊಬ್ಬರು ಒಂದೊಂದು ಹೆಸರಿಟ್ಟರು. ಬ್ರೂವುಡ್‌ನವರು ಲಕ್ವ ಎಂದರು. ಕವಿ ಅಲೆಕ್ಸಾಂಡರ್ ಪೋಪ್ ಸೆಳವಿನ ರೋಗ ಎಂದರು. ಹೋಗಾರ್ತ್ ಬುದ್ಧಿಮಾಂದ್ಯ ಎಂದುಕೊಂಡರು. ಜೀವನಚರಿತ್ರೆ ಬರೆದ ಬಾಸ್ವೆಲ್ ಇದು ಸಂತ ವೀಟಸರ ನೃತ್ಯವೆಂಬ ರೋಗದ ಜಾತಿಗೆ ಸೇರಿದ್ದೆಂದು ಭಾವಿಸಿದರು.

ಈ ಕೊನೆಯ ಹೆಸರು ನಮ್ಮ ಧರ್ಮಸಭೆಯ ಚರಿತ್ರೆಯಿಂದ ಬಂದದ್ದು. ಸಂತ ವೀಟಸರು ದಿಯೊಕ್ಲೆಷಿಯನ್ ಚಕ್ರವರ್ತಿಯ ಕಾಲದಲ್ಲಿ ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟರೆಂದು ಪರಂಪರೆ ಹೇಳುವ ಬಾಲ ರಕ್ತಸಾಕ್ಷಿ. ಜೂನ್ 15 ಅವರ ಹಬ್ಬ. 1518ರಲ್ಲಿ ಸ್ಟ್ರಾಸ್‌ಬರ್ಗ್ ಪಟ್ಟಣದಲ್ಲಿ ಜನ ನಿಲ್ಲಿಸಲಾಗದಂತೆ ಕುಣಿಯತೊಡಗಿದಾಗ ಅವರನ್ನು ಈ ಸಂತರ ಗುಡಿಗೆ ಕರೆದೊಯ್ದರು. 1686ರಲ್ಲಿ ಸಿಡೆನ್ಹ್ಯಾಮ್ ಎಂಬ ವೈದ್ಯರು ಮಕ್ಕಳಲ್ಲಿ ಕಾಣುವ ಒಂದು ಬೇರೆಯೇ ನಡುಗುಕುಣಿತಕ್ಕೆ ಇದೇ ಹೆಸರು ಬಳಸಿದರು. ಅದು ಮಕ್ಕಳಿಗೆ ಗಂಟಲು ನೋವು, ಕೀಲುವಾತದ ಜ್ವರಗಳ ಬಳಿಕ ಬರುವ ಕೊರಿಯ ಎಂಬ ಕಾಯಿಲೆ ಎಂದು ಇಂದು ಗೊತ್ತಾಗಿದೆ. ಜಾನ್ಸನ್ ಅವರದು ಆ ಬಗೆಯದಾಗಿರಲಿಲ್ಲ.

ಚಿತ್ರಕಾರ ಜೋಶುವಾ ರೆನಾಲ್ಡ್ಸ್ ಜಾನ್ಸನ್‌ರ ಆಪ್ತ ಸ್ನೇಹಿತರು, ಅವರ ಚಿತ್ರಗಳನ್ನು ಬರೆದವರು. ಅವರು ಬೇರೆ ಮಾತು ಹೇಳಿದರು. ಸುಮ್ಮನೆ ಕೂರಿ ಎಂದರೆ ಜಾನ್ಸನ್ ಎಲ್ಲರಂತೆ ಅಲುಗಾಡದೆ ಕೂರಬಲ್ಲರು, ಮಾತಿನಲ್ಲಿ ಮಗ್ನರಾದಾಗ ಆ ಚಲನೆಗಳು ಕಾಣುವುದಿಲ್ಲ, ಆದ್ದರಿಂದ ಇದು ರೋಗವಲ್ಲ, ಬೆಳೆಸಿಕೊಂಡ ಚಾಳಿ ಎಂಬುದು ಅವರ ವಾದ.

ಜಾನ್ಸನ್ ಸ್ವತಃ ಏನೆಂದುಕೊಂಡಿದ್ದರು? ಒಮ್ಮೆ ಒಬ್ಬಳು ಪುಟ್ಟ ಹುಡುಗಿ, ನೀವು ಯಾಕೆ ಹೀಗೆ ಮಾಡುತ್ತೀರಿ ಎಂದು ನೇರವಾಗಿ ಕೇಳಿಬಿಟ್ಟಳು. ಅವರು ಸಿಟ್ಟಾಗಲಿಲ್ಲ. ಇದು ಕೆಟ್ಟ ಅಭ್ಯಾಸದಿಂದ ಬಂದದ್ದು, ನೀನು ಇಂಥ ಅಭ್ಯಾಸ ಮಾಡಿಕೊಳ್ಳಬೇಡ ಮಗು ಎಂದು ಮೃದುವಾಗಿ ಹೇಳಿದರು. ನಲವತ್ತೆರಡು ಸಾವಿರ ಪದಗಳಿಗೆ ಅರ್ಥ ಬರೆದವರಿಗೆ ತಮ್ಮ ಮೈಯ ಚಲನೆಗೆ ಸರಿಯಾದ ಹೆಸರು ಸಿಕ್ಕಿರಲಿಲ್ಲ. ತಪ್ಪನ್ನು ತಮ್ಮ ತಲೆಯ ಮೇಲೇ ಹಾಕಿಕೊಂಡಿದ್ದರು.

ಸ್ವಲ್ಪ ಹೊತ್ತು ತಡೆಯಬಹುದಾದ್ದು

ಇಲ್ಲೇ ನಾವು ನಿಂತು ಯೋಚಿಸಬೇಕು. ನಮ್ಮ ಮನೆಗಳಲ್ಲೂ ಇದೇ ಮಾತು ಕೇಳುತ್ತೇವೆ. ಬೈದರೆ ಹತ್ತು ನಿಮಿಷ ನಿಲ್ಲಿಸುತ್ತಾನೆ, ಹಾಗಾದರೆ ಬೇಕೆಂದೇ ಮಾಡುತ್ತಾನೆ ಎನ್ನುತ್ತೇವೆ. ಈ ವಾದ ಸರಿಯೇ?

1885ರಲ್ಲಿ ಪ್ಯಾರಿಸ್ಸಿನ ಜಾರ್ಜ್ ಝಿಲ್ ದ ಲ ಟೂರೆಟ್ ಎಂಬ ವೈದ್ಯರು ಒಂಬತ್ತು ರೋಗಿಗಳ ವಿವರ ಪ್ರಕಟಿಸಿದರು. ಅವರಲ್ಲಿ ಇಂಥ ಚಲನೆಗಳು, ಸದ್ದುಗಳು ಕಂಡಿದ್ದವು. ಆ ಕಾಯಿಲೆಗೆ ಈಗ ಅವರದೇ ಹೆಸರಿದೆ. ಈ ಚಲನೆಗಳನ್ನು ವೈದ್ಯರು ಟಿಕ್ ಎನ್ನುತ್ತಾರೆ. ಕಣ್ಣು ಮಿಟುಕಿಸುವುದು, ಮೂಗು ಸೇದುವುದು, ಕತ್ತು ಕೊಂಕಿಸುವುದು, ಗಂಟಲು ಕೆರೆಯುವುದು ಇವೆಲ್ಲ ಟಿಕ್‌ಗಳೇ. ಸಾಮಾನ್ಯವಾಗಿ ಐದಾರು ವರ್ಷದ ವಯಸ್ಸಿನಲ್ಲಿ ತೊಡಗಿ, ಹತ್ತು ಹನ್ನೆರಡರ ಸುಮಾರಿಗೆ ಹೆಚ್ಚಾಗಿ, ಯೌವನದಲ್ಲಿ ಎಷ್ಟೋ ಮಂದಿಗೆ ಇಳಿದುಬಿಡುತ್ತವೆ. ಕೆಲವರಲ್ಲಿ ಜೀವನವಿಡೀ ಉಳಿಯುತ್ತವೆ. ಸತ್ತವರನ್ನು ಪರೀಕ್ಷೆ ಮಾಡಲಾಗದು, ನಿಜ. ಆದರೆ ಜಾನ್ಸನ್ ಕುರಿತ ಸಾಕ್ಷ್ಯಗಳನ್ನೆಲ್ಲ ಓದಿದ ಇಪ್ಪತ್ತನೆಯ ಶತಮಾನದ ವೈದ್ಯರು ಅವರಿಗಿದ್ದದ್ದು ಬಹುಮಟ್ಟಿಗೆ ಇದೇ ಎಂಬ ತೀರ್ಮಾನಕ್ಕೆ ಬಂದಿದ್ದಾರೆ.

ಟಿಕ್‌ಗೆ ಒಂದು ವಿಶೇಷ ಗುಣವಿದೆ. ಅದು ಬರುವ ಮುನ್ನ ಮೈಯ ಆ ಭಾಗದಲ್ಲಿ ತಡೆಯಲಾರದ ಒಂದು ಒತ್ತಡ, ಕಸಿವಿಸಿ ಏಳುತ್ತದೆ. ಟಿಕ್ ಆದೊಡನೆ ಒಂದು ಗಳಿಗೆ ಸಮಾಧಾನ. ಮನಸ್ಸು ಗಟ್ಟಿ ಮಾಡಿ ಸ್ವಲ್ಪ ಹೊತ್ತು ತಡೆಯಬಹುದು. ಆದರೆ ಆ ಒತ್ತಡ ಒಳಗೇ ಏರುತ್ತಾ ಹೋಗಿ ಕೊನೆಗೆ ಹೊರಬರಲೇಬೇಕು. ನೀವು ಕಣ್ಣು ಮಿಟುಕಿಸದೆ ಎಷ್ಟು ಹೊತ್ತು ಇರಬಲ್ಲಿರಿ? ಬರುವ ಸೀನನ್ನು ಎಷ್ಟು ಸಲ ತಡೆಯಬಲ್ಲಿರಿ? ಒಂದು ನಿಮಿಷ ತಡೆದಿರಿ ಎಂಬ ಕಾರಣಕ್ಕೆ ಸೀನು ನಿಮ್ಮ ಚಾಳಿಯಾಗುವುದಿಲ್ಲ. ರೆನಾಲ್ಡ್ಸ್ ಕಂಡದ್ದು ನಿಜವೇ, ಅದರಿಂದ ತೆಗೆದ ತೀರ್ಮಾನ ತಪ್ಪು. ಜಾನ್ಸನ್ ಸುಮ್ಮನೆ ಕುಳಿತ ಆ ಹೊತ್ತಿನಲ್ಲಿ ಅವರು ಒಳಗೆ ಪಡುತ್ತಿದ್ದ ಶ್ರಮ ಅವರ ಪ್ರಾಣಸ್ನೇಹಿತನಿಗೂ ಕಾಣಲಿಲ್ಲ.

ನಮ್ಮ ಸಂತ ತೋಮಸ್ ಅಕ್ವಿನಾಸರು ಈ ವಿಷಯದಲ್ಲಿ ಏಳುನೂರೈವತ್ತು ವರ್ಷಗಳ ಹಿಂದೆಯೇ ಒಂದು ಗೆರೆ ಎಳೆದಿದ್ದಾರೆ. ತಿಳಿದು, ಬಯಸಿ, ಆರಿಸಿಕೊಂಡು ಮಾಡುವುದು ಮಾನವನಿಗೆ ತಕ್ಕ ಕ್ರಿಯೆ; ಅದಕ್ಕೆ ಮಾತ್ರ ಪಾಪ ಪುಣ್ಯಗಳ ಲೆಕ್ಕ. ಮನುಷ್ಯನಲ್ಲಿ ಸುಮ್ಮನೆ ನಡೆದುಹೋಗುವ ಕ್ರಿಯೆಗಳು ಬೇರೆ. ಇವಕ್ಕೆ ಅವರು ಕೊಟ್ಟ ಉದಾಹರಣೆ ನೋಡಿ: ಏನನ್ನೋ ಯೋಚಿಸುತ್ತಿರುವಾಗ ಕಾಲೋ ಕೈಯೋ ಅಲುಗುವುದು, ಗಡ್ಡ ಸವರಿಕೊಳ್ಳುವುದು. ಜಾನ್ಸನ್‌ರ ಮಂಡಿ ಉಜ್ಜುವ ಕೈಯನ್ನು ಕಂಡೇ ಬರೆದಂತಿದೆ. ಇನ್ನು ಅರ್ಧ ತಡೆಯಬಹುದಾದ, ಅರ್ಧ ತಡೆಯಲಾಗದ ಕ್ರಿಯೆಗಳ ವಿಷಯದಲ್ಲಿ 1992ರ ಕಥೋಲಿಕ ಧರ್ಮೋಪದೇಶ ಗ್ರಂಥವೂ ಸ್ಪಷ್ಟವಾಗಿದೆ: ಅಭ್ಯಾಸಬಲ, ಭಯ, ಮನೋವ್ಯಥೆ ಮುಂತಾದ ಕಾರಣಗಳಿಂದ ಹೊಣೆ ಕಡಿಮೆಯಾಗಬಹುದು, ಪೂರ್ತಿ ಇಲ್ಲವೂ ಆಗಬಹುದು.

ಟಿಕ್ ಜೊತೆಗೆ ಗೀಳು

ಜಾನ್ಸನ್‌ರ ತೊಂದರೆ ಇಷ್ಟಕ್ಕೇ ಮುಗಿಯಲಿಲ್ಲ. ಟಿಕ್ ಇರುವ ಎಷ್ಟೋ ವಯಸ್ಕರಲ್ಲಿ ಒಂದರ ಮೇಲೊಂದು ತೊಂದರೆ ಹೆಣೆದುಕೊಂಡಿರುತ್ತದೆ. ಯಾವುದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ತೊಡಗುತ್ತದೆ ಎಂದು ಹೇಳುವುದೇ ಕಷ್ಟ. ಮುಖ್ಯವಾಗಿ ಬರುವುದು ಗೀಳು.

ಬಾಗಿಲು ದಾಟುವಾಗ ಜಾನ್ಸನ್ ಇಂತಿಷ್ಟೇ ಹೆಜ್ಜೆ ಇಡಬೇಕು, ಇಂಥದೇ ಕಾಲು ಮುಂದಿರಬೇಕು. ಲೆಕ್ಕ ತಪ್ಪಿದರೆ ಹಿಂದಕ್ಕೆ ಹೋಗಿ ಮತ್ತೆ ಮೊದಲಿನಿಂದ. ಬೀದಿಯ ಕಂಬಗಳನ್ನು ಮುಟ್ಟುತ್ತ ಹೋಗುವರು, ಒಂದು ತಪ್ಪಿದರೆ ಮರಳಿ ಬಂದು ಮುಟ್ಟುವರು. ಅವರ ಮನೆಯಲ್ಲಿ ಆ್ಯನಾ ವಿಲಿಯಮ್ಸ್ ಎಂಬ ಕುರುಡು ಮಹಿಳೆಯಿದ್ದರು. ಆಕೆಯ ಕೈಹಿಡಿದು ರೆನಾಲ್ಡ್ಸ್‌ರ ಮನೆಯ ಮೆಟ್ಟಿಲು ಹತ್ತುವಾಗ, ಹೊಸ್ತಿಲಲ್ಲಿ ಈ ಗೀಳು ಬಂದರೆ, ಆಕೆಯ ಕೈ ಬಿಟ್ಟುಬಿಡುವರು, ಇಲ್ಲವೇ ಆಕೆಯನ್ನೂ ಸೇರಿಸಿ ಸುತ್ತುವರು. ಹಾದಿಹೋಕರು ನಿಂತು ನೋಡಿ ನಗುತ್ತಿದ್ದರು.

ಮೈಯಲ್ಲಿ ಗೀಳಿದ್ದಂತೆ ಮನಸ್ಸಿನಲ್ಲೂ ಇತ್ತು. ಶುಭ ಶುಕ್ರವಾರ ಕಟ್ಟುನಿಟ್ಟಾಗಿ ಉಪವಾಸವಿದ್ದು, ಪಾಸ್ಖ ಹಬ್ಬದಂದು ಪ್ರಭುಭೋಜನ ಸ್ವೀಕರಿಸಿ, ಪ್ರತಿವರ್ಷ ಹೊಸ ನಿರ್ಧಾರಗಳನ್ನು ಬರೆದುಕೊಳ್ಳುವರು. ಬೇಗ ಏಳುತ್ತೇನೆ, ಸೋಮಾರಿತನ ಬಿಡುತ್ತೇನೆ ಎಂದು ಬರೆಯುವರು. ಮರುವರ್ಷ ಅದೇ ಪಟ್ಟಿ, ಅದೇ ಪಶ್ಚಾತ್ತಾಪ. ದೇವರು ತನ್ನನ್ನು ಕ್ಷಮಿಸಿಯಾನೇ ಎಂಬ ಅಂಜಿಕೆ ಬಿಡಲಿಲ್ಲ. ಅರ್ಥವಿಲ್ಲದ ಶಂಕೆಗಳಿಂದ ಬಿಡಿಸು ಎಂದು ದೇವರಲ್ಲಿ ಬೇಡಿಕೊಂಡದ್ದು ಅವರ ಪ್ರಾರ್ಥನೆಗಳಲ್ಲಿದೆ.

ಪಾಪನಿವೇದನೆ ಕೇಳುವ ಯಾವ ಗುರುವಿಗೂ ಈ ಶಂಕಾಪೀಡೆ ಹೊಸದಲ್ಲ. ಸಂತ ಇಗ್ನೇಷಿಯಸ್ ಲೊಯೋಲರೂ ಸಂತ ಅಲ್ಫೋನ್ಸ್ ಲಿಗೋರಿಯವರೂ ಇದರಲ್ಲಿ ನರಳಿದವರೇ. ಹೇಳಿದ ಪಾಪವನ್ನೇ ಮತ್ತೆ ಮತ್ತೆ ನಿವೇದಿಸುವವರು, ಒಂದು ಪದ ತಪ್ಪಿತೆಂದು ಜಪಸರವನ್ನು ಮೊದಲಿನಿಂದ ತೊಡಗುವವರು ನಮ್ಮ ನಡುವೆ ಇದ್ದಾರೆ. ಅವರಿಗೆ ನನ್ನ ಸಲಹೆ ಇಷ್ಟೇ: ಒಬ್ಬರೇ ಗುರುವಿನ ಬಳಿ ಹೋಗಿ, ಅವರ ಮಾತಿಗೆ ವಿಧೇಯರಾಗಿ, ಜೊತೆಗೆ ಮನೋವೈದ್ಯರನ್ನೂ ಕಾಣಿ. ಔಷಧಿ ತೆಗೆದುಕೊಳ್ಳುವುದು ವಿಶ್ವಾಸದ ಕೊರತೆಯಲ್ಲ.

ನಿಜವಾದ ತಪ್ಪು ಯಾವುದು?

ಜಾನ್ಸನ್‌ರ ಬಾಳಿನಲ್ಲಿ ನಿಜವಾದ ತಪ್ಪೊಂದಿತ್ತು. ಅದು ಅವರಿಗೂ ಗೊತ್ತಿತ್ತು. ಅವರ ತಂದೆ ಉಟಾಕ್ಸಿಟರ್ ಎಂಬ ಊರಿನ ಸಂತೆಯಲ್ಲಿ ಪುಸ್ತಕದಂಗಡಿ ಇಡುತ್ತಿದ್ದರು. ಒಮ್ಮೆ, ಮೈಗೆ ಸರಿಯಿಲ್ಲದಾಗಲೋ ಏನೋ, ಜೊತೆಗೆ ಬಾ ಎಂದು ಮಗನನ್ನು ಕರೆದರು. ಓದಿದ ಹುಡುಗನಿಗೆ ಸಂತೆಯಲ್ಲಿ ನಿಲ್ಲುವುದು ಅವಮಾನವೆನಿಸಿತು. ಬರುವುದಿಲ್ಲ ಎಂದುಬಿಟ್ಟರು. ತಂದೆ 1731ರಲ್ಲಿ ತೀರಿಕೊಂಡರು.

ಸುಮಾರು ಐವತ್ತು ವರ್ಷಗಳ ಬಳಿಕ, ಇಡೀ ನಾಡು ಗೌರವಿಸುವ ವಿದ್ವಾಂಸರಾದ ಮೇಲೆ, ಮುದುಕ ಜಾನ್ಸನ್ ಮಳೆಯ ದಿನ ಉಟಾಕ್ಸಿಟರ್‌ಗೆ ಹೋದರು. ತಂದೆಯ ಅಂಗಡಿ ಇದ್ದ ಜಾಗದಲ್ಲಿ, ಸಂತೆಯ ಜನರ ನಡುವೆ, ಟೋಪಿ ತೆಗೆದು ಮಳೆಯಲ್ಲಿ ಬಹಳ ಹೊತ್ತು ನಿಂತರು. ಅದು ಅವರು ತಾವೇ ವಿಧಿಸಿಕೊಂಡ ಪ್ರಾಯಶ್ಚಿತ್ತ.

ಓದುಗರೇ, ಈ ಎರಡನ್ನು ಅಕ್ಕಪಕ್ಕ ಇಟ್ಟು ನೋಡಿ. ತಂದೆಯ ಮಾತು ಮೀರಿದ್ದು ತಿಳಿದು, ಬಯಸಿ ಮಾಡಿದ್ದು. ಅದಕ್ಕೆ ಪಶ್ಚಾತ್ತಾಪ ಬೇಕಿತ್ತು, ಅವರು ಪಟ್ಟರು, ಹಗುರವಾದರು. ಮುಖ ಸೊಟ್ಟಗಾದದ್ದಕ್ಕೆ ಪಶ್ಚಾತ್ತಾಪದ ಅಗತ್ಯವೇ ಇರಲಿಲ್ಲ. ಆದರೆ ಲೋಕ ಅವರ ಗರ್ವವನ್ನು ಎಂದೋ ಮರೆತು, ಮುಖವನ್ನು ಮಾತ್ರ ಕೊನೆಯವರೆಗೂ ಆಡಿಕೊಂಡಿತು. ನಾವೂ ಮಕ್ಕಳಿಗೆ ಹೀಗೆಯೇ ಮಾಡುವುದಿಲ್ಲವೇ? ಸುಳ್ಳು ಹೇಳಿದಾಗ ನಕ್ಕು ಬಿಟ್ಟುಬಿಡುತ್ತೇವೆ, ಕಣ್ಣು ಮಿಟುಕಿಸಿದ್ದಕ್ಕೆ ಹೊಡೆಯುತ್ತೇವೆ.

ತಾವು ತಿಳಿದು ಆರಿಸಿಕೊಂಡ ಕ್ರಿಯೆಗಳಲ್ಲಿ ಜಾನ್ಸನ್ ಎಂಥವರು? 1762ರಲ್ಲಿ ಅರಸರಿಂದ ವರ್ಷಕ್ಕೆ 300 ಪೌಂಡ್ ವಿಶ್ರಾಂತಿ ವೇತನ ದೊರೆಯಿತು. ಅದರ ಬಹುಪಾಲು ಇತರರಿಗೇ ಹೋಯಿತು. ಕುರುಡು ಆ್ಯನಾ ವಿಲಿಯಮ್ಸ್, ಬಡವರಿಗೆ ಮದ್ದು ಕೊಡುತ್ತಿದ್ದ ರಾಬರ್ಟ್ ಲೆವೆಟ್, ಜಮೈಕಾದಲ್ಲಿ ಗುಲಾಮನಾಗಿ ಹುಟ್ಟಿದ ಫ್ರಾನ್ಸಿಸ್ ಬಾರ್ಬರ್ ಇವರೆಲ್ಲ ಅವರ ಮನೆಯಲ್ಲೇ ಇದ್ದರು. ರಾತ್ರಿ ಮನೆಗೆ ಬರುವಾಗ ಬೀದಿಯಲ್ಲಿ ಮಲಗಿರುವ ಅನಾಥ ಮಕ್ಕಳ ಕೈಯಲ್ಲಿ, ಎದ್ದಾಗ ತಿಂಡಿಗಾಗಲೆಂದು, ಕಾಸು ಇಟ್ಟು ಬರುವರು. ಬೀದಿಯಲ್ಲಿ ಬಿದ್ದಿದ್ದ ಒಬ್ಬ ಬಡ ವೇಶ್ಯೆಯನ್ನು ಬೆನ್ನ ಮೇಲೆ ಹೊತ್ತು ಮನೆಗೆ ತಂದು, ಗುಣವಾಗುವವರೆಗೆ ನೋಡಿಕೊಂಡರು. ಸಾಯುವಾಗ ಆಸ್ತಿಯ ದೊಡ್ಡ ಪಾಲನ್ನು ಬಾರ್ಬರ್‌ಗೆ ಬರೆದರು. ನೆಟ್ಟಗೆ ನಿಲ್ಲದ ಆ ಕೈಗಳು ಕೊಡುವುದರಲ್ಲಿ ತಪ್ಪಲಿಲ್ಲ.

ಹೊಸ ಲಕ್ಷಣ ಕಂಡರೆ

1783ರ ಜೂನ್ 17ರ ನಸುಕಿನಲ್ಲಿ ಜಾನ್ಸನ್‌ಗೆ ಎಚ್ಚರವಾಯಿತು. ತಲೆಯಲ್ಲಿ ಗೊಂದಲ, ಬಾಯಿಂದ ಮಾತು ಹೊರಡದು. ಬುದ್ಧಿ ನೆಟ್ಟಗಿದೆಯೇ ಎಂದು ನೋಡಲು ಲ್ಯಾಟಿನ್ ಪದ್ಯದಲ್ಲಿ ಒಂದು ಪ್ರಾರ್ಥನೆ ಕಟ್ಟಿದರು. ಪದ್ಯ ಅಷ್ಟು ಚೆನ್ನಾಗಿ ಬರಲಿಲ್ಲ. ಚೆನ್ನಾಗಿಲ್ಲವೆಂದು ತಮಗೇ ತಿಳಿಯಿತಲ್ಲ, ಹಾಗಾದರೆ ಬುದ್ಧಿ ಸರಿಯಾಗಿದೆ ಎಂದು ಸಮಾಧಾನಪಟ್ಟುಕೊಂಡರು! ಬೆಳಗಾಗುತ್ತಲೇ, ತಪ್ಪು ಅಕ್ಷರ ಬರೆಯುತ್ತಿದ್ದ ಕೈಯಿಂದಲೇ ಚೀಟಿ ಬರೆದು ವೈದ್ಯರನ್ನು ಕರೆಸಿದರು. ಅದು ಪಾರ್ಶ್ವವಾಯು. ಕ್ರಮೇಣ ಮಾತು ಮರಳಿತು.

ಇದರಲ್ಲಿ ಟಿಕ್ ಇರುವ ವಯಸ್ಕರಿಗೂ ಅವರ ಮನೆಯವರಿಗೂ ಒಂದು ಮುಖ್ಯ ಪಾಠವಿದೆ. ಹಳೆಯ ತೊಂದರೆಯಿದೆ ಎಂದು ಹೊಸ ಲಕ್ಷಣವನ್ನು ಅದರ ಲೆಕ್ಕಕ್ಕೇ ಸೇರಿಸಬಾರದು. ಟಿಕ್ ಬರುವುದಕ್ಕೆ ಮುನ್ನ ಒತ್ತಡ ತಿಳಿಯುತ್ತದೆ, ಸ್ವಲ್ಪ ತಡೆಯಬಹುದು. ಯಾವ ಮುನ್ಸೂಚನೆಯೂ ಇಲ್ಲದೆ ಕೈಕಾಲುಗಳು ಹರಿದಾಡುವಂತೆ ಕುಣಿದರೆ ಅದು ಕೊರಿಯ ಇರಬಹುದು. ಕತ್ತೋ ಕೈಯೋ ತಿರುಚಿಕೊಂಡು ಹಾಗೇ ನಿಂತುಬಿಟ್ಟರೆ ಅದು ಡಿಸ್ಟೋನಿಯ ಇರಬಹುದು. ಟಿಕ್‌ಗೋ ಮನೋರೋಗಕ್ಕೋ ಕೆಲವು ಮಾತ್ರೆಗಳನ್ನು ಬಹುಕಾಲ ತೆಗೆದುಕೊಂಡವರಲ್ಲಿ ಬಾಯಿ, ನಾಲಿಗೆ ಮೆಲುಕು ಹಾಕುವಂತೆ ಆಡತೊಡಗಬಹುದು. ಅದು ಮಾತ್ರೆಯಿಂದಲೇ ಬಂದ ಚಲನೆ ಇದ್ದೀತು. ಮನಸ್ಸಿನ ಮೇಲೆ ಒತ್ತಡ ಬಿದ್ದಾಗ ಟಿಕ್‌ನಂತೆಯೇ ತೋರುವ ಬೇರೆ ಚಲನೆಗಳೂ ಬರುತ್ತವೆ. ಅವೂ ನಟನೆಯಲ್ಲ. ಒಬ್ಬರಲ್ಲೇ ಇವುಗಳಲ್ಲಿ ಎರಡು ಮೂರು ಸೇರಿರಬಹುದು, ಪ್ರತಿಯೊಂದಕ್ಕೂ ಚಿಕಿತ್ಸೆ ಬೇರೆ. ಆದ್ದರಿಂದ ನರರೋಗ ತಜ್ಞರೇ ನೋಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಆಸ್ಪತ್ರೆಗಳಲ್ಲಿ ಇದರ ಪರಿಣತರಿದ್ದಾರೆ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಚಲನೆ ಕಂಡಾಗ ಮೊಬೈಲಿನಲ್ಲಿ ಚಿತ್ರೀಕರಿಸಿ ತೋರಿಸಿದರೆ ವೈದ್ಯರಿಗೆ ಸಹಾಯವಾಗುತ್ತದೆ. ಆದರೆ ಅವರ ಒಪ್ಪಿಗೆ ಪಡೆದೇ ಮಾಡಿ. ಔಷಧಿಯಲ್ಲದೆ, ಒತ್ತಡ ಎದ್ದಾಗ ಬೇರೊಂದು ಚಲನೆಯಿಂದ ಅದನ್ನು ಸಂಭಾಳಿಸುವ ತರಬೇತಿಯೂ ಇದೆ, ವಯಸ್ಕರಿಗೂ ಅದರಿಂದ ಪ್ರಯೋಜನವಾಗುತ್ತದೆ.

ಇನ್ನು ದೆವ್ವದ ಮಾತು. ಮೈ ಕುಣಿದರೆ, ವಿಚಿತ್ರ ಸದ್ದು ಬಂದರೆ ಬಿಡಿಸುವವರನ್ನು ಹುಡುಕಿಕೊಂಡು ಓಡುವವರು ನಮ್ಮಲ್ಲೂ ಇದ್ದಾರೆ. ಇದು ಕಾಯಿಲೆಯೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು ಎಂಬುದೇ ಧರ್ಮಸಭೆಯ ಬೋಧನೆ. ಕಾಯಿಲೆಯವರನ್ನು ದೆವ್ವ ಹಿಡಿದವರೆಂದು ಕರೆಯುವುದು ಅವರ ಮೇಲೆ ಇನ್ನೊಂದು ಶಿಲುಬೆ ಹೊರಿಸಿದಂತೆ.

ಜಾನ್ಸನ್ 1784ರ ಡಿಸೆಂಬರ್ 13ರಂದು ಕಣ್ಣು ಮುಚ್ಚಿದರು. ಕೊನೆಯ ದಿನಗಳಲ್ಲಿ, ತಿಳಿಯಾದ ಮನಸ್ಸಿನಿಂದ ದೇವರನ್ನು ಎದುರುಗೊಳ್ಳಬೇಕೆಂದು ಅಫೀಮಿನ ಮದ್ದನ್ನು ಬಿಟ್ಟರು. ಜೀವನವಿಡೀ ಕಾಡಿದ ಸಾವಿನ ಭಯ ಆಗ ಇಳಿದು, ಕ್ರಿಸ್ತರ ಬಲಿಯಲ್ಲಿ ಭರವಸೆಯಿಟ್ಟು ಶಾಂತರಾಗಿದ್ದರೆಂದು ಹತ್ತಿರವಿದ್ದವರು ಹೇಳಿದ್ದಾರೆ. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಅವರ ಸಮಾಧಿಯಿದೆ.

ಹುಟ್ಟು ಕುರುಡನನ್ನು ಕಂಡು, ಇವನು ಹೀಗೆ ಹುಟ್ಟಲು ಯಾರ ಪಾಪ ಕಾರಣವೆಂದು ಶಿಷ್ಯರು ಕೇಳಿದರು. ಇವನದೂ ಅಲ್ಲ, ಇವನ ತಂದೆತಾಯಿಯದೂ ಅಲ್ಲ ಎಂದು ಪ್ರಭು ಯೇಸು ಉತ್ತರಿಸಿದರೆಂದು ಸಂತ ಯೊವಾನ್ನರ ಶುಭಸಂದೇಶದಲ್ಲಿ ಓದುತ್ತೇವೆ. ಆ ಉತ್ತರ ನಮ್ಮ ಮನೆಗಳಿಗೂ ಸಲ್ಲುತ್ತದೆ.

ನಿಮ್ಮ ಮನೆಯಲ್ಲಿ ಇಂಥವರಿದ್ದರೆ ಪದೇ ಪದೇ ಅದನ್ನೇ ಎತ್ತಿ ಹೇಳಬೇಡಿ, ಎತ್ತಿ ಆಡಿದಷ್ಟೂ ಅದು ಹೆಚ್ಚುತ್ತದೆ. ಮಕ್ಕಳು ಅಣಕಿಸಿದರೆ ತಿದ್ದಿರಿ. ಮದುವೆ ಮಾತುಕತೆಯಲ್ಲಿ, ಕೆಲಸಕ್ಕೆ ತೆಗೆದುಕೊಳ್ಳುವಾಗ, ಮುಖದ ಚಲನೆ ನೋಡಿ ತೀರ್ಪು ಕೊಡುವ ಮುನ್ನ ಸಾಲಿಹಲ್ ಮಂಡಳಿಯವರನ್ನೂ ಎಲಿಜಬೆತ್ ಪೋರ್ಟರ್ ಅವರನ್ನೂ ನೆನಪಿಸಿಕೊಳ್ಳಿ. ಬಲಿಪೂಜೆಯಲ್ಲಿ ಮುಂದಿನ ಬೆಂಚಿನವರ ಕತ್ತು ಕೊಂಕಿದರೆ ತಿರುಗಿ ನೋಡದಿರಿ. ಶಾಂತಿ ಕೋರುವ ಹೊತ್ತು ಬಂದಾಗ ಮಾತ್ರ, ಅವರ ಕಡೆ ತಿರುಗಿ ಮುಗುಳ್ನಗೆಯಿಂದ ಕೈಮುಗಿಯಿರಿ.